ಗ್ರಿಡ್ ಹಾಡಿನ ಹಿಂದೆಯೋ, ಹಾಡು ಗ್ರಿಡ್ಡಿನ ಹಿಂದೆಯೋ: ಟೆಂಪೊ ಕೆಲಸಕ್ಕೆ ಯಾವ ಸಾಫ್ಟ್‌ವೇರ್?

ಗದಗ ಕಡೆಯ ಭಜನಾ ಮೇಳವೊಂದು ಸ್ಟುಡಿಯೊಕ್ಕೆ ಬಂದು ಹಾಡುತ್ತದೆ ಎಂದುಕೊಳ್ಳಿ. ಪೇಟಿ, ತಬಲಾ, ತಾಳ, ಹಿಂದೆ ಹತ್ತು ಮಂದಿಯ ದನಿ. ಕಿವಿಗೆ ಕ್ಲಿಕ್ (ಲಯ ತೋರುವ ಟಿಕ್ ಟಿಕ್ ಶಬ್ದ) ಕೊಟ್ಟರೆ ಅವರ ಹಾಡು ಬಿಗಿದುಕೊಳ್ಳುತ್ತದೆ, ಹಾಗಾಗಿ ಕ್ಲಿಕ್ ಇಲ್ಲದೆಯೇ ರೆಕಾರ್ಡಿಂಗ್ ಮುಗಿಯುತ್ತದೆ. ಪಲ್ಲವಿ 84 ಬಿಪಿಎಂಗೆ (ನಿಮಿಷಕ್ಕೆ 84 ಬೀಟ್) ಶುರುವಾಗಿ, ಎರಡನೆಯ ನುಡಿಗೆ 90 ಮುಟ್ಟಿ, ಕೊನೆಯ ಏರುಲಯದಲ್ಲಿ 130ರ ಹತ್ತಿರ ಓಡುತ್ತದೆ. ಮರುದಿನ ಕೀಬೋರ್ಡ್‌ನವರು ಸ್ಟ್ರಿಂಗ್ಸ್ ನುಡಿಸಬೇಕು, ಢೋಲಕ್ ಲೂಪ್ (ಮತ್ತೆ ಮತ್ತೆ ನುಡಿಯುವ ತುಣುಕು) ಸೇರಬೇಕು. ಪ್ರಾಜೆಕ್ಟಿನ ಟೆಂಪೊ ಹಾಗೇ 120 ಎಂದು ಕೂತಿದ್ದರೆ ಲೂಪಿನ ಒಂದು ಪೆಟ್ಟೂ ತಬಲಾದ ಜೊತೆ ಕೂಡುವುದಿಲ್ಲ.

ಟೆಂಪೊ ತಿದ್ದುವುದು ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಕೆಲಸಗಳಿವೆ. ಹಾಡು ಇದ್ದ ಹಾಗೇ ಇರಲಿ, ಬಾರ್ ಗೆರೆಗಳನ್ನು, ಅಂದರೆ ಪರದೆಯ ಮೇಲೆ ಲಯ ಅಳೆಯುವ ಗ್ರಿಡ್ಡನ್ನು, ಅದರ ಕೆಳಗೆ ಹೊಂದಿಸುವುದು ಒಂದು. ಬಾರ್ ಗೆರೆ ನೆಟ್ಟಗಿರಲಿ, ನುಡಿಸಿದ್ದನ್ನೇ ಎಳೆದು ಅದಕ್ಕೆ ತರುವುದು ಇನ್ನೊಂದು. ಮೊದಲೇ ಲೆಕ್ಕ ಹಾಕಿ, ಇಷ್ಟನೆಯ ಬಾರ್‌ನಿಂದ ಇಷ್ಟಕ್ಕೆ ಲಯ ಏರಲಿ ಎಂದು ಬರೆಯುವುದು ಮೂರನೆಯದು. ಸಿನಿಮಾ ಹಾಡು, ಡಿಜೆ ಟ್ರ್ಯಾಕು ಮಾಡುವವರಿಗೆ ಎರಡನೆಯದು, ಮೂರನೆಯದು ಸಾಕು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಸ್ಟುಡಿಯೊಕ್ಕೆ ಬರುವ ಖ್ಯಾಲ್, ವಚನ, ದಾಸರಪದ, ತತ್ವಪದ, ಗೀಗೀ ಪದಗಳಿಗೆ ಬೇಕಾಗುವುದು ಬಹುಪಾಲು ಮೊದಲನೆಯದು. ಆದ್ದರಿಂದ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ನೋಡಬೇಕಾದ್ದು ಇದನ್ನು: ಹಾಡಿಗೆ ಕೈ ಹಚ್ಚದೆ ಗ್ರಿಡ್ಡನ್ನು ಅದರ ಹಿಂದೆ ನಡೆಸುವುದು ಇದರಲ್ಲಿ ಎಷ್ಟು ಸಲೀಸು?

ಮೊದಲು ಟೈಮ್‌ಬೇಸ್

ಹೊಸಬರ ಅರ್ಧ ತೊಂದರೆ ಇಲ್ಲೇ ಹುಟ್ಟುತ್ತದೆ. ರೆಕಾರ್ಡ್ ಆದ ಹಾಡಿನ ಮೇಲೆ ಒಂದು ಟೆಂಪೊ ಮಾರ್ಕರ್ (ಇಲ್ಲಿಂದ ಟೆಂಪೊ ಇಷ್ಟು ಎಂಬ ಗುರುತು) ಇಟ್ಟ ಕೂಡಲೇ ಗಾಯಕರ ದನಿ ಕುಗ್ಗುತ್ತದೆ ಅಥವಾ ಇಡೀ ಕ್ಲಿಪ್ (ರೆಕಾರ್ಡ್ ಆದ ತುಂಡು) ಜರುಗಿ ಕೂರುತ್ತದೆ. ಕಾರಣ ಸರಳ. ಪ್ರತಿ ಕ್ಲಿಪ್ಪಿಗೂ ಎರಡು ಬಗೆಯ ವಿಳಾಸ, ಅಂದರೆ ಟೈಮ್‌ಬೇಸ್, ಇರಬಹುದು: "ಶುರುವಿನಿಂದ 42.6 ಸೆಕೆಂಡಿಗೆ" ಎಂಬುದು ಒಂದು, "19ನೆಯ ಬಾರ್, 3ನೆಯ ಬೀಟ್" ಎಂಬುದು ಇನ್ನೊಂದು. ಎರಡನೆಯ ವಿಳಾಸದಲ್ಲಿದ್ದರೆ ಟೆಂಪೊ ಬದಲಾದಾಗ ಕ್ಲಿಪ್ಪೂ ಜರುಗಲೇಬೇಕು. ಮೊದಲ ಬಗೆಯ ಕೆಲಸಕ್ಕೆ ಎಲ್ಲ ಆಡಿಯೊ ಸೆಕೆಂಡಿನ ವಿಳಾಸದಲ್ಲೇ ಇರಬೇಕು.

ರೀಪರ್‌ನಲ್ಲಿ ಆಲ್ಟ್ ಮತ್ತು ಎಂಟರ್ ಒತ್ತಿ ಪ್ರಾಜೆಕ್ಟ್ ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ ಐಟಂಗಳ (ಕ್ಲಿಪ್‌ಗಳಿಗೆ ರೀಪರ್ ಇಟ್ಟ ಹೆಸರು) ಟೈಮ್‌ಬೇಸ್ ಮೊದಲಿನಿಂದ "ಬೀಟ್ಸ್ (ಪೊಸಿಷನ್, ಲೆಂತ್, ರೇಟ್)" ಎಂದಿರುತ್ತದೆ. ಜಾಗ, ಉದ್ದ, ವೇಗ ಮೂರೂ ಟೆಂಪೊಕ್ಕೆ ಕಟ್ಟಿಹಾಕಿದ ಸ್ಥಿತಿ ಅದು. ಅದನ್ನು "ಟೈಮ್" ಮಾಡಿ. ಲೂಪ್‌ಗಳಿರುವ ಟ್ರ್ಯಾಕಿಗೆ ಮಾತ್ರ ಬೀಟ್ಸ್ ಬೇಕೆಂದರೆ ಆ ಟ್ರ್ಯಾಕಿಗೆ ಬೇರೆಯಾಗಿಯೇ ಕೊಡಬಹುದು, ಒಂದೇ ಐಟಂಗೂ ಕೊಡಬಹುದು. ಇಷ್ಟು ಬಿಡಿಬಿಡಿಯಾಗಿ ಹಿಡಿತ ಕೊಡುವುದರಲ್ಲಿ ರೀಪರ್ ಮುಂದಿದೆ.

ಕ್ಯೂಬೇಸ್‌ನಲ್ಲಿ ಪ್ರತಿ ಟ್ರ್ಯಾಕಿಗೆ ಒಂದು ಗುಂಡಿ ಇದೆ. ಸ್ವರದ ಚಿತ್ರವಿದ್ದರೆ ಬಾರ್ ವಿಳಾಸ, ಗಡಿಯಾರದ ಚಿತ್ರವಿದ್ದರೆ ಸೆಕೆಂಡಿನ ವಿಳಾಸ. ಇದಲ್ಲದೆ ಮ್ಯೂಸಿಕಲ್ ಮೋಡ್ ಎಂಬುದು ಬೇರೆ ಇದೆ, ದನಿ ಹಿಗ್ಗಿ ಕುಗ್ಗುವುದು ಅದನ್ನು ಹಚ್ಚಿದಾಗ ಮಾತ್ರ. ಪ್ರೊ ಟೂಲ್ಸ್‌ನಲ್ಲಿ ಟ್ರ್ಯಾಕಿನ ಮೇಲೆಯೇ ಸ್ಯಾಂಪಲ್ಸ್ (ಸೆಕೆಂಡಿನ ವಿಳಾಸ) ಅಥವಾ ಟಿಕ್ಸ್ (ಬಾರ್ ವಿಳಾಸ) ಎಂದು ಆರಿಸಬೇಕು. ಆಡಿಯೊ ಸ್ಯಾಂಪಲ್ಸ್‌ನಲ್ಲೂ ಮಿಡಿ (ಕೀಬೋರ್ಡಿನಲ್ಲಿ ಒತ್ತಿದ ಸ್ವರಗಳ ದಾಖಲೆ) ಟಿಕ್ಸ್‌ನಲ್ಲೂ ತಾನಾಗಿಯೇ ಬರುತ್ತದೆ, ನಮ್ಮ ಕೆಲಸಕ್ಕೆ ಅದೇ ಸರಿಯಾದ ಕ್ರಮ. ಸ್ಟುಡಿಯೊ ವನ್‌ನಲ್ಲಿ ಟ್ರ್ಯಾಕ್ ಇನ್‌ಸ್ಪೆಕ್ಟರ್‌ನೊಳಗೆ "ಡೋಂಟ್ ಫಾಲೋ", "ಫಾಲೋ", "ಟೈಮ್‌ಸ್ಟ್ರೆಚ್" ಎಂಬ ಮೂರು ಆಯ್ಕೆ ಇವೆ. ಹೆಸರೇ ಕೆಲಸ ಹೇಳುತ್ತದೆ. ಹೊಸಬರಿಗೆ ಇಷ್ಟು ತಿಳಿಯಾಗಿ ಇದನ್ನು ಇಟ್ಟಿರುವುದು ಇದೊಂದೇ ಎನ್ನಬಹುದು.

ಏಬಲ್ಟನ್ ಲೈವ್‌ನ ಸ್ವಭಾವ ಬೇರೆ. ಅದರಲ್ಲಿ ಎಲ್ಲವೂ ಬೀಟಿನ ಲೆಕ್ಕದಲ್ಲೇ ನಡೆಯುತ್ತದೆ. ಉದ್ದನೆಯ ಹಾಡು ತಂದು ಹಾಕಿದರೆ ತಾನೇ ಊಹಿಸಿ ವಾರ್ಪ್ ಮಾಡಲು (ಗ್ರಿಡ್ಡಿಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಲು) ಹೋಗುತ್ತದೆ, ಏಕತಾಲದ ವಿಲಂಬಿತದ (ತೀರ ನಿಧಾನ ಲಯದ) ಮೇಲೆ ಆ ಊಹೆ ಪೂರ್ತಿ ದಾರಿ ತಪ್ಪುತ್ತದೆ. ಸೆಟ್ಟಿಂಗ್ಸ್‌ನಲ್ಲಿ "ಆಟೊ-ವಾರ್ಪ್ ಲಾಂಗ್ ಸ್ಯಾಂಪಲ್ಸ್" ಎಂಬುದನ್ನು ಮೊದಲೇ ಆಫ್ ಮಾಡಿಬಿಡಿ, ಕ್ಲಿಪ್ಪಿನ ವಾರ್ಪ್ ಗುಂಡಿಯೂ ಆರಿರಲಿ, ಕ್ಲಿಪ್ 1ನೆಯ ಬಾರ್‌ನಿಂದ ತುಂಡಾಗದೆ ಒಂದೇ ಉದ್ದಕ್ಕೆ ಇರಲಿ. ನಡುವೆ ಕತ್ತರಿಸಿದರೆ ತುಂಡಿನ ಶುರು ಬೀಟಿಗೆ ಅಂಟಿಕೊಂಡು, ಟೆಂಪೊ ಬದಲಾದಾಗ ಸಂದು ಬೀಳುತ್ತದೆ ಅಥವಾ ಒಂದರ ಮೇಲೊಂದು ಬರುತ್ತದೆ. ಎಫ್ಎಲ್ ಸ್ಟುಡಿಯೊದಲ್ಲೂ ಇದೇ ಅಪಾಯ ಇದೆ.

ಲಾಜಿಕ್ ಪ್ರೊದಲ್ಲಿ ಫ್ಲೆಕ್ಸ್ (ದನಿ ಹಿಗ್ಗಿಸುವ ಸೌಲಭ್ಯ) ಆರಿದ್ದರೆ ದನಿ ಹಿಗ್ಗುವುದಿಲ್ಲ, ಆದರೆ ರೀಜನ್ (ಕ್ಲಿಪ್) ಬಾರ್‌ಗೆ ಅಂಟಿ ಜರುಗಬಹುದು. ಟೆಂಪೊ ಮುಟ್ಟುವ ಮೊದಲು ಎಲ್ಲ ರೀಜನ್‌ಗಳಿಗೆ "ಲಾಕ್ ಎಸ್ಎಂಪಿಟಿಇ ಪೊಸಿಷನ್" (ಸೆಕೆಂಡಿನ ವಿಳಾಸಕ್ಕೆ ಬೀಗ) ಕೊಟ್ಟುಬಿಟ್ಟರೆ ನಿಶ್ಚಿಂತೆ.

ಗ್ರಿಡ್ಡನ್ನು ಹಾಡಿಗೆ ಹೊಂದಿಸುವುದು

ಮೊದಲ ನಿಯಮ ಎಲ್ಲ ಸಾಫ್ಟ್‌ವೇರಿಗೂ ಒಂದೇ: ಪ್ರತಿ ಮಾತ್ರೆಗೆ (ತಾಳದ ಒಂದು ಎಣಿಕೆಗೆ) ಮಾರ್ಕರ್ ಇಡಬೇಡಿ, ಆವರ್ತನಕ್ಕೆ (ತಾಳದ ಒಂದು ಸುತ್ತಿಗೆ) ಒಂದು, ಸಮ್ (ಸುತ್ತಿನ ಮೊದಲ ಮಾತ್ರೆ) ಮೇಲೆ ಇಡಿ. ತಬಲಜಿ ಎರಡು ಸಮ್‌ಗಳ ನಡುವೆ ಪೆಟ್ಟನ್ನು ತುಸು ಮುಂದೆ ಹಿಂದೆ ಆಡಿಸುವುದೇ ಠೇಕಾದ (ತಾಳದ ಮೂಲ ಪೆಟ್ಟುಗಳ) ನಡಿಗೆ. ಪ್ರತಿ ಮಾತ್ರೆಗೂ ಗೂಟ ಹೊಡೆದರೆ ಟೆಂಪೊ 88, 93, 86 ಎಂದು ನಡುಗುತ್ತದೆ, ಆ ನಡುಕ ಡಿಲೇ ಎಫೆಕ್ಟಿನಲ್ಲೂ ಲೂಪಿನಲ್ಲೂ ಕೇಳಿಸುತ್ತದೆ. ಆರು ನಿಮಿಷದ ಭಜನೆ ಸರಾಸರಿ 100 ಬಿಪಿಎಂನಲ್ಲಿದ್ದರೆ 600 ಮಾತ್ರೆ. ಎಂಟು ಮಾತ್ರೆಯ ಕೆಹರವಾದಲ್ಲಿ 75 ಆವರ್ತನ, ಅಂದರೆ 75 ಮಾರ್ಕರ್. ಕೂತು ಮಾಡಿದರೆ ಅರ್ಧ ತಾಸಿನ ಕೆಲಸ.

ರೀಪರ್‌ನಲ್ಲಿ ಎರಡು ದಾರಿ. ಒಂದು, ಒಂದು ಸಮ್‌ನಿಂದ ಮುಂದಿನ ಸಮ್‌ವರೆಗೆ ಟೈಮ್ ಸೆಲೆಕ್ಷನ್ ಎಳೆದು, ಆಕ್ಷನ್ ಪಟ್ಟಿಯಲ್ಲಿರುವ "ಕ್ರಿಯೇಟ್ ಮೆಷರ್ ಫ್ರಮ್ ಟೈಮ್ ಸೆಲೆಕ್ಷನ್" ಓಡಿಸುವುದು. ಐಟಂ ಆರಿಸಿ ಟ್ಯಾಬ್ ಒತ್ತಿದರೆ ಕರ್ಸರ್ ಮುಂದಿನ ಪೆಟ್ಟಿನ ತುದಿಗೆ ಹೋಗುತ್ತದೆ, ಹಾಗಾಗಿ ಕಣ್ಣಳತೆ ಬೇಕಿಲ್ಲ. ಇನ್ನೊಂದು ದಾರಿ ವೇಗದ್ದು: ಹಾಡು ಓಡಿಸುತ್ತಾ ಪ್ರತಿ ಸಮ್‌ಗೆ ಎಂ ಕೀಲಿ ಒತ್ತಿ ಮಾರ್ಕರ್ ಬೀಳಿಸಿ, ಆಮೇಲೆ ಎಸ್‌ಡಬ್ಲ್ಯೂಎಸ್ ಎಂಬ ಉಚಿತ ಎಕ್ಸ್‌ಟೆನ್ಷನ್ನಿನಲ್ಲಿರುವ "ಕನ್ವರ್ಟ್ ಪ್ರಾಜೆಕ್ಟ್ ಮಾರ್ಕರ್ಸ್ ಟು ಟೆಂಪೊ ಮಾರ್ಕರ್ಸ್" ಬಳಸುವುದು. ಒತ್ತುವಾಗ ಬೆರಳು ತಡವಾಗುವುದು, ಇಂಟರ್‌ಫೇಸಿನ ಬಫರ್ ಸೇರಿಸುವ ತಡ ಎರಡೂ ಕೂಡುತ್ತವೆ. 44.1 ಕಿಲೊಹರ್ಟ್ಸ್‌ನಲ್ಲಿ 512 ಸ್ಯಾಂಪಲ್ ಬಫರ್ ಒಂದೇ 11.6 ಮಿಲಿಸೆಕೆಂಡ್. ಹಾಗಾಗಿ ಪರಿವರ್ತಿಸುವ ಮೊದಲು ನಾಲ್ಕಾರು ಮಾರ್ಕರ್ ದೊಡ್ಡದು ಮಾಡಿ ನೋಡಿ. ಎಲ್ಲವೂ ಒಂದೇ ಅಳತೆಯಲ್ಲಿ ತಡವಾಗಿದ್ದರೆ ಒಟ್ಟಿಗೆ ಹಿಂದಕ್ಕೆ ಜರುಗಿಸಿ, ಆಮೇಲೆ ಬಿಡಿಯಾಗಿ ತಿದ್ದಿ.

ಕ್ಯೂಬೇಸ್ ಪ್ರೊದಲ್ಲಿ ಪ್ರಾಜೆಕ್ಟ್ ಮೆನುವಿನ "ಟೆಂಪೊ ಡಿಟೆಕ್ಷನ್" ಈ ಕೆಲಸವನ್ನು ತಾನೇ ಮಾಡಲು ನೋಡುತ್ತದೆ. ಕನಿಷ್ಠ 7 ಸೆಕೆಂಡಿನ ಆಡಿಯೊ ಬೇಕು. ಇಡೀ ಮಿಕ್ಸ್ ಕೊಡಬೇಡಿ, ತಬಲಾ ಅಥವಾ ತಾಳದ ಟ್ರ್ಯಾಕ್ ಒಂದನ್ನೇ ಕೊಡಿ. ಪೇಟಿ, ತಂಬೂರಿ, ದನಿ ಇವುಗಳಲ್ಲಿ ಪೆಟ್ಟಿನ ತುದಿ ಇರುವುದಿಲ್ಲ, ಸಾಫ್ಟ್‌ವೇರ್ ಹಿಡಿಯುವುದೇ ಆ ತುದಿಯನ್ನು. ಸಾಮಾನ್ಯವಾಗಿ ಬರುವ ತಪ್ಪು ಎಂದರೆ ಇಮ್ಮಡಿ ಅಥವಾ ಅರ್ಧ: ಕೆಹರವಾವನ್ನು 84 ಎನ್ನುವ ಬದಲು 168 ಎನ್ನುತ್ತದೆ. ಅದನ್ನು ಸರಿಮಾಡಲು ಅದೇ ಫಲಕದಲ್ಲಿ ಎರಡರಿಂದ ಗುಣಿಸುವ, ಭಾಗಿಸುವ ಗುಂಡಿಗಳಿವೆ. ದಾದರಾ, ರೂಪಕಗಳಲ್ಲಿ ಮುಕ್ಕಾಲು ಲೆಕ್ಕದ ತಪ್ಪೂ ಬರುತ್ತದೆ, ಅದಕ್ಕೂ ಗುಂಡಿ ಇದೆ. ಉಳಿದದ್ದನ್ನು ಟೈಮ್ ವಾರ್ಪ್ ಟೂಲ್ ಹಿಡಿದು, ಬಾರ್ ಗೆರೆಯನ್ನು ಎಳೆದು ಪೆಟ್ಟಿನ ಮೇಲೆ ಕೂರಿಸಬೇಕು. ಗೆರೆಯನ್ನು ಕೈಯಲ್ಲಿ ಹಿಡಿದು ಹಾಡಿಗೆ ತರುವ ಈ ಅನುಭವ ಕ್ಯೂಬೇಸ್‌ನಲ್ಲಿರುವಷ್ಟು ಹಿತವಾಗಿ ಬೇರೆಲ್ಲೂ ಇಲ್ಲ. ಒಂದು ಮಾತು: ಕಡಿಮೆ ಬೆಲೆಯ ಆವೃತ್ತಿಗಳಲ್ಲಿ ಇವೆಲ್ಲ ಸಿಗದಿರಬಹುದು, ಕೊಳ್ಳುವ ಮೊದಲು ಆವೃತ್ತಿಗಳ ಹೋಲಿಕೆ ಪಟ್ಟಿ ತೆರೆದು ಈ ಎರಡು ಹೆಸರು ಹುಡುಕಿ.

ಮ್ಯಾಕ್ ಇದ್ದವರಿಗೆ ಲಾಜಿಕ್ ಪ್ರೊದ ಸ್ಮಾರ್ಟ್ ಟೆಂಪೊ ಇದೆ, 2018ರಲ್ಲಿ 10.4ನೆಯ ಆವೃತ್ತಿಯೊಂದಿಗೆ ಬಂದದ್ದು. ಟೆಂಪೊ ಅಂಕಿಯ ಕೆಳಗೆ ಕೀಪ್, ಅಡಾಪ್ಟ್, ಆಟೊ ಎಂಬ ಮೂರು ರೀತಿ. ಕ್ಲಿಕ್ ಇಲ್ಲದೆ ಹಾಡಿಸುವಾಗ ಅಡಾಪ್ಟ್ ಇಟ್ಟರೆ, ರೆಕಾರ್ಡ್ ಆಗುತ್ತಿರುವಾಗಲೇ ಪ್ರಾಜೆಕ್ಟಿನ ಟೆಂಪೊ ಹಾಡಿನ ಹಿಂದೆ ಬರೆಯಲ್ಪಡುತ್ತದೆ. ಆಮೇಲೆ ಸ್ಮಾರ್ಟ್ ಟೆಂಪೊ ಎಡಿಟರ್ ತೆರೆದು ಸಮ್ ಎಲ್ಲಿ ಎಂದು ತೋರಿಸಿ, ಇಮ್ಮಡಿ-ಅರ್ಧ ತಿದ್ದಬೇಕು. ಕೆಲಸ ಮುಗಿದ ಮೇಲೆ ಮರೆಯದೆ ಕೀಪ್‌ಗೆ ತನ್ನಿ. ಮರೆತರೆ ಮುಂದೆ ಹಾಕುವ ಇನ್ನೊಂದು ಫೈಲು ನೀವು ಕಟ್ಟಿದ ಟೆಂಪೊ ನಕ್ಷೆಯನ್ನೇ ಬದಲಿಸಿಬಿಡಬಹುದು. ಪೂರ್ತಿ ಕೈಯಿಂದಲೇ ಮಾಡುವವರಿಗೆ ಗ್ಲೋಬಲ್ ಟ್ರ್ಯಾಕ್‌ಗಳಲ್ಲಿ ಬೀಟ್ ಮ್ಯಾಪಿಂಗ್ ಇದೆ.

ಪ್ರೊ ಟೂಲ್ಸ್‌ನಲ್ಲಿ "ಐಡೆಂಟಿಫೈ ಬೀಟ್": ಟ್ಯಾಬ್ ಒತ್ತಿ ಪೆಟ್ಟಿಗೆ ಹೋಗಿ, ವಿಂಡೋಸ್‌ನಲ್ಲಿ ಕಂಟ್ರೋಲ್ ಮತ್ತು ಐ ಒತ್ತಿ, ಇದು ಇಷ್ಟನೆಯ ಬಾರ್‌ನ 1ನೆಯ ಬೀಟ್ ಎಂದು ಅಂಕಿ ಬರೆಯುವುದು. ಹಳೆಯ ಕ್ರಮ, ನಿಧಾನ, ಆದರೆ ಕೊಟ್ಟ ಲೆಕ್ಕವನ್ನು ತಪ್ಪಿಸುವುದಿಲ್ಲ.

ಲೈವ್‌ನಲ್ಲಿ ತಿರುಗು ದಾರಿ ಹಿಡಿಯಬೇಕು. ತಬಲಾದ ಕ್ಲಿಪ್ಪಿಗೆ ಸಮ್‌ಗಳ ಮೇಲೆ ವಾರ್ಪ್ ಮಾರ್ಕರ್ ಇಟ್ಟು, ಅರೇಂಜ್‌ಮೆಂಟಿನಲ್ಲಿ ಆ ಕ್ಲಿಪ್ಪನ್ನು "ಲೀಡ್" ಮಾಡಬೇಕು. ಆಗ ಕ್ಲಿಪ್ ವಾರ್ಪ್ ಇಲ್ಲದ ಹಾಗೆ ತನ್ನ ಸಹಜ ವೇಗದಲ್ಲಿ ನುಡಿದು, ಇಡೀ ಸೆಟ್ಟಿನ ಟೆಂಪೊ ಅದರ ಹಿಂದೆ ನಡೆಯುತ್ತದೆ. ಕೆಲಸವಾಗುತ್ತದೆ, ಆದರೆ ಹನ್ನೆರಡು ಮೈಕಿನ ರೆಕಾರ್ಡಿಂಗಿಗೆ ಇದನ್ನು ಮೊದಲ ಆಯ್ಕೆಯಾಗಿ ಹೇಳಲಾರೆವು. ಎಫ್ಎಲ್ ಸ್ಟುಡಿಯೊದಲ್ಲಿ ಟೆಂಪೊ ಆಟೊಮೇಷನ್ನಿನ ಗೆರೆಯನ್ನು ಬಿಂದು ಬಿಂದುವಾಗಿ ಕೈಯಿಂದ ಕಟ್ಟಬೇಕಾಗುತ್ತದೆ. ಈ ಒಂದು ಕೆಲಸಕ್ಕೆ ಅದು ಸಲ್ಲ. ಆಡಾಸಿಟಿಯಲ್ಲಿ ಟೆಂಪೊ ನಕ್ಷೆಯೇ ಇಲ್ಲ. 2023ರ 3.4ನೆಯ ಆವೃತ್ತಿಯಿಂದ ಬಾರ್-ಬೀಟ್ ಗ್ರಿಡ್ ಬಂದಿದೆ, ಆದರೆ ಅದು ಇಡೀ ಹಾಡಿಗೆ ಒಂದೇ ಟೆಂಪೊ. ರಿಯಾಜಿಗೆ ಒಂದು ಬಂದಿಶ್ ನಿಧಾನ ಮಾಡಿಕೊಳ್ಳಲು ಅದರ "ಚೇಂಜ್ ಟೆಂಪೊ" ಧಾರಾಳ ಸಾಕು, ಬಿಟ್ಟಿಯೂ ಹೌದು. "ಚೇಂಜ್ ಸ್ಪೀಡ್ ಅಂಡ್ ಪಿಚ್" ಒತ್ತಿದರೆ ಮಾತ್ರ ಶ್ರುತಿಯೂ ಇಳಿಯುತ್ತದೆ, ಎರಡರ ವ್ಯತ್ಯಾಸ ನೆನಪಿರಲಿ.

ವಿಲಂಬಿತದ ಲೆಕ್ಕ

ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರ ಕಿರಾನಾ ಪರಂಪರೆಯ ನೆಲ ಇದು, ಬಡಾ ಖ್ಯಾಲ್ (ವಿಲಂಬಿತದಲ್ಲಿ ಹಾಡುವ ಖ್ಯಾಲ್) ಇಲ್ಲಿ ಆರಾಮಾಗಿ ಬೆಳೆಯುತ್ತದೆ. ಹನ್ನೆರಡು ಮಾತ್ರೆಯ ಏಕತಾಲದ ಒಂದು ಆವರ್ತನ 48 ಸೆಕೆಂಡ್ ಹಿಡಿದರೆ ಒಂದು ಮಾತ್ರೆಗೆ 4 ಸೆಕೆಂಡ್, ಅಂದರೆ 15 ಬಿಪಿಎಂ. ಲೈವ್ 20ರ ಕೆಳಗೆ ಇಳಿಯುವುದೇ ಇಲ್ಲ. ಲಾಜಿಕ್ 5ರವರೆಗೆ ಇಳಿಯುತ್ತದೆ, ಆದರೂ 4 ಸೆಕೆಂಡಿಗೊಂದು ಟಿಕ್ ಕೇಳಿ ಯಾರೂ ಲಯ ಹಿಡಿಯಲಾರರು.

ಇದಕ್ಕೆ ಉಪಾಯ ತಬಲಾದೊಳಗೇ ಇದೆ. ವಿಲಂಬಿತ ಏಕತಾಲದ ಠೇಕಾದಲ್ಲಿ "ತಿರಕಿಟ" ಒಂದು ಮಾತ್ರೆಯನ್ನು ನಾಲ್ಕು ಪಾಲು ಮಾಡುತ್ತದೆ. ನೀವೂ ಹಾಗೇ ಮಾಡಿ: ಒಂದು ಮಾತ್ರೆಯನ್ನು 4/4ರ ಒಂದು ಬಾರ್ ಎನ್ನಿ. ಆಗ 15 ಹೋಗಿ 60 ಬಿಪಿಎಂ ಆಯಿತು, ಆವರ್ತನ 12 ಬಾರ್ ಆಯಿತು, ತಿರಕಿಟದ ನಾಲ್ಕೂ ಅಕ್ಷರ ನಾಲ್ಕು ಬೀಟಿನ ಮೇಲೆ ಬರೋಬ್ಬರಿ ಬೀಳುತ್ತವೆ. ಟೆಂಪೊ ಮಾರ್ಕರ್ 12 ಬಾರ್‌ಗೊಂದು ಸಾಕು. ನಡುವೆ ಗಾಯಕರು ಲಯ ಏರಿಸಿದ್ದರೆ 7ನೆಯ ಮಾತ್ರೆಗೆ ಇನ್ನೊಂದು. ಛೋಟಾ ಖ್ಯಾಲ್ (ಚುರುಕು ಲಯದ ಭಾಗ) ಶುರುವಾಗುವ ಕಡೆ ಲೆಕ್ಕ ಬದಲಿಸಿ, ಮಾತ್ರೆಗೆ ಒಂದು ಬೀಟ್ ಮಾಡಿ. ಆ ಜಾಗದಲ್ಲಿ ಒಂದು ಮಾರ್ಕರ್ ಹೆಸರು ಬರೆದಿಡಿ, ಇಲ್ಲದಿದ್ದರೆ ಮೂರು ತಿಂಗಳ ಮೇಲೆ ಪ್ರಾಜೆಕ್ಟ್ ತೆರೆದವರು 60ರಿಂದ 200ಕ್ಕೆ ಯಾಕೆ ಹಾರಿತು ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ಮಿಕ್ಕ ತಾಳಗಳಿಗೆ ಬಾರ್‌ನ ಅಂಕಿ ಹೀಗಿಡಿ: ತ್ರಿತಾಲಕ್ಕೆ 4/4ರ ನಾಲ್ಕು ಬಾರ್, ರೂಪಕಕ್ಕೆ 7/4, ಝಪತಾಲಕ್ಕೆ 10/4, ದೀಪಚಂದಿಗೆ 14/4. ಕ್ಲಿಕ್ಕಿನಲ್ಲಿ ವಿಭಾಗ ಕೇಳಿಸದಿದ್ದರೆ 14 ಎಣಿಸುತ್ತಾ ಕೂರುವುದು ಹಿಂಸೆ. ರೀಪರ್‌ನಲ್ಲಿ ಮೆಟ್ರೊನೋಮಿಗೆ ಪೆಟ್ಟಿನ ಮಾದರಿ ಬರೆಯಬಹುದು, ಝಪತಾಲದ 2-3-2-3 ಆಗ ಕಿವಿಗೇ ತಿಳಿಯುತ್ತದೆ. ಕ್ಯೂಬೇಸ್‌ನಲ್ಲೂ ಕ್ಲಿಕ್ ಪ್ಯಾಟರ್ನ್ ಇದೆ. ಇಲ್ಲದ ಕಡೆ ಮೆಟ್ರೊನೋಮ್ ಆಫ್ ಮಾಡಿ, ಒಂದು ಮಿಡಿ ಟ್ರ್ಯಾಕಿನಲ್ಲಿ ಠೇಕಾ ಬರೆದು ಅದನ್ನೇ ಕ್ಲಿಕ್ ಮಾಡಿಕೊಳ್ಳಿ. ನಮ್ಮ ಕಡೆಯ ಕಲಾವಿದರು ಟಿಕ್ ಟಿಕ್ ಶಬ್ದಕ್ಕಿಂತ ಠೇಕಾದ ಜೊತೆ ಎಷ್ಟೋ ಸಲೀಸಾಗಿ ಹಾಡುತ್ತಾರೆ, ಹಾಗಾಗಿ ಮಾದರಿ ಬರೆಯುವ ಸೌಲಭ್ಯ ಇದ್ದರೂ ಈ ದಾರಿಯೇ ಮೇಲು.

ನುಡಿಸಿದ್ದನ್ನು ಗ್ರಿಡ್ಡಿಗೆ ಎಳೆಯುವುದು

ಎಳೆಯುವ ಮುಂಚೆ ಒಂದು ತಪಾಸಣೆ ಮಾಡಿ. ಮೊಬೈಲ್, ವಿಡಿಯೊ ಕ್ಯಾಮೆರಾದಿಂದ ಬಂದ ಫೈಲು ಸಾಮಾನ್ಯವಾಗಿ 48 ಕಿಲೊಹರ್ಟ್ಸ್ ಇರುತ್ತದೆ. ಪರಿವರ್ತನೆ ಆಗದೆ ಅದು 44.1ರ ಪ್ರಾಜೆಕ್ಟಿನಲ್ಲಿ ಓಡಿದರೆ 100 ಬಿಪಿಎಂ ಹಾಡು 91.9ಕ್ಕೆ ಇಳಿಯುತ್ತದೆ, ಶ್ರುತಿ ಸುಮಾರು ಒಂದೂವರೆ ಮನೆ ಕೆಳಗೆ ಬರುತ್ತದೆ. ಕರಿ ಎರಡರಲ್ಲಿ (ಪೇಟಿಯ ಎರಡನೆಯ ಕರಿ ಮನೆಯ ಶ್ರುತಿಯಲ್ಲಿ) ಹಾಡಿದವರ ದನಿ ಕೆಳಗೆ ಕೂತು ಪೇಟಿಗೆ ಹೊಂದುತ್ತಿಲ್ಲ, ಲಯವೂ ಜಗ್ಗುತ್ತಿದೆ ಎಂದರೆ ಮೊದಲು ಇದನ್ನು ನೋಡಿ. ಇದನ್ನು ಸ್ಟ್ರೆಚ್ ಮಾಡಿ ಸರಿಪಡಿಸಲು ಹೋಗಬೇಡಿ, ಫೈಲನ್ನು ಸರಿಯಾಗಿ ಮತ್ತೆ ತರಿಸಿ.

ಹಿಗ್ಗಿಸುವ ಅಲ್ಗಾರಿದಮ್ ವಾದ್ಯಕ್ಕೆ ತಕ್ಕಂತೆ ಇರಬೇಕು. ಒಂಟಿ ದನಿ, ಕೊಳಲಿಗೆ ರೀಪರ್‌ನಲ್ಲಿ ಎಲಾಸ್ಟಿಕ್ ಸೊಲೊಯಿಸ್ಟ್, ಲಾಜಿಕ್, ಪ್ರೊ ಟೂಲ್ಸ್‌ಗಳಲ್ಲಿ ಮೊನೊಫೋನಿಕ್, ಲೈವ್‌ನಲ್ಲಿ ಕಾಂಪ್ಲೆಕ್ಸ್ ಪ್ರೊ. ತಾಳ, ಢೋಲಕ್, ದಪ್ಪುಗಳಿಗೆ ಲೈವ್‌ನಲ್ಲಿ ಬೀಟ್ಸ್, ಲಾಜಿಕ್‌ನಲ್ಲಿ ಸ್ಲೈಸಿಂಗ್, ಪ್ರೊ ಟೂಲ್ಸ್‌ನಲ್ಲಿ ರಿದಮಿಕ್. ಪೇಟಿ, ತಂಬೂರಿ, ಇಡೀ ಮಿಕ್ಸಿಗೆ ಪಾಲಿಫೋನಿಕ್ ಜಾತಿಯವು, ರೀಪರ್‌ನಲ್ಲಾದರೆ ಎಲಾಸ್ಟಿಕ್ ಪ್ರೊ. ತಬಲಾ ಮಾತ್ರ ಕಷ್ಟದ ವಾದ್ಯ. ದಾಯಾಂ (ಬಲಗೈಯದು) ಪೆಟ್ಟಿನ ವಾದ್ಯ, ಆದರೆ ಡಗ್ಗಾದ (ಎಡಗೈಯದರ) ಘುಮಕ್ ಸ್ವರ ಜಾರುವ ವಾದ್ಯ. ಸ್ಲೈಸ್ ಮಾಡಿದರೆ ಘುಮಕ್ ನಡುವೆ ಕತ್ತರಿಸಿದಂತಾಗುತ್ತದೆ, ಪಾಲಿಫೋನಿಕ್ ಕೊಟ್ಟರೆ "ತಾ" ಮೊಂಡಾಗುತ್ತದೆ. ಎರಡು ಮೈಕಿನಲ್ಲಿ ಬೇರೆಬೇರೆ ಹಿಡಿದಿದ್ದರೂ ಎರಡಕ್ಕೂ ಒಂದೇ ಅಲ್ಗಾರಿದಮ್ ಕೊಡಿ, ಯಾಕೆಂದರೆ ಡಗ್ಗಾದ ಮೈಕಿನಲ್ಲಿ ದಾಯಾಂ ಶಬ್ದವೂ ಇರುತ್ತದೆ. ಎರಡೂ ಬೇರೆ ರೀತಿ ಹಿಗ್ಗಿದರೆ ಫೇಸ್ (ಎರಡು ಮೈಕಿನ ಅಲೆಗಳ ಹೊಂದಿಕೆ) ತಪ್ಪಿ ದನಿ ಡಬ್ಬಿಯೊಳಗಿಂದ ಬಂದಂತೆ ಕೇಳಿಸುತ್ತದೆ.

ಅದೇ ಕಾರಣಕ್ಕೆ ಗುಂಪು ಕಟ್ಟದೆ ಒಂದು ಮೈಕನ್ನೂ ಎಳೆಯಬೇಡಿ. ರೀಪರ್‌ನಲ್ಲಿ ಐಟಂಗಳನ್ನು ಆರಿಸಿ ಜಿ ಒತ್ತಿದರೆ ಗುಂಪು. ಲಾಜಿಕ್‌ನಲ್ಲಿ ಗ್ರೂಪ್ ಸೆಟ್ಟಿಂಗಿನ "ಕ್ವಾಂಟೈಸ್-ಲಾಕ್ಡ್", ಲೈವ್‌ನಲ್ಲಿ 11ನೆಯ ಆವೃತ್ತಿಯಿಂದ ಲಿಂಕ್ಡ್ ಟ್ರ್ಯಾಕ್ಸ್, ಪ್ರೊ ಟೂಲ್ಸ್‌ನಲ್ಲಿ ಎಡಿಟ್ ಗ್ರೂಪ್. ಹಲವು ಮೈಕಿನ ತಾಳವಾದ್ಯ ತಿದ್ದುವುದರಲ್ಲಿ ಪ್ರೊ ಟೂಲ್ಸ್‌ನ ಬೀಟ್ ಡಿಟೆಕ್ಟಿವ್ ಇಂದಿಗೂ ಗಟ್ಟಿ. ಅದು ಹಿಗ್ಗಿಸುವುದಿಲ್ಲ, ಕತ್ತರಿಸಿ ಜರುಗಿಸಿ ಸಂದನ್ನು ಕ್ರಾಸ್‌ಫೇಡಿನಿಂದ ಮುಚ್ಚುತ್ತದೆ, ಹಾಗಾಗಿ ಪೆಟ್ಟಿನ ತುದಿ ಮೊನಚಾಗಿಯೇ ಉಳಿಯುತ್ತದೆ. ಡೊಳ್ಳಿನ ಮೇಳ ರೆಕಾರ್ಡ್ ಮಾಡಿದ್ದರೆ ಈ ಕ್ರಮವೇ ಸರಿ.

ಎಷ್ಟು ಎಳೆಯಬಹುದು? ಬಿಪಿಎಂನಲ್ಲಿ ಯೋಚಿಸಬೇಡಿ, ಶೇಕಡಾದಲ್ಲಿ ಯೋಚಿಸಿ. 80ರಲ್ಲಿ 4 ಬಿಪಿಎಂ ಎಂದರೆ ಶೇ. 5, 160ರಲ್ಲಿ ಅದೇ 4 ಶೇ. 2.5 ಮಾತ್ರ. ಶೇ. 5ರ ಒಳಗೆ ಒಳ್ಳೆಯ ಅಲ್ಗಾರಿದಮ್ಮಿನ ಗುರುತು ಸಿಗುವುದು ಕಡಿಮೆ. ಶೇ. 10 ದಾಟಿದರೆ ಗಮಕ, ಮೀಂಡ್ ಇರುವ ದನಿಯಲ್ಲಿ ನೀರೊಳಗಿನ ಅಲುಗಾಟ ಬರತೊಡಗುತ್ತದೆ. ಅಲ್ಲಿಗೆ ಬಂದಾಗ ಮತ್ತೆ ಹಾಡಿಸುವುದೇ ಲೇಸು. ಒಮ್ಮೆ ಹಿಗ್ಗಿಸಿ ರೆಂಡರ್ ಮಾಡಿದ್ದನ್ನು ಮತ್ತೆ ಹಿಗ್ಗಿಸಬೇಡಿ, ಯಾವಾಗಲೂ ಮೂಲ ಫೈಲಿನಿಂದಲೇ ಹೊರಡಿ.

ಇನ್ನು ಕೆಹರವಾದ ಲಗ್ಗಿಯನ್ನು (ಚುರುಕು ಓಟದ ನುಡಿಸಾಣಿಕೆಯನ್ನು) 16ರ ಗ್ರಿಡ್ಡಿಗೆ ಪೂರ್ತಿ ಕೂರಿಸಿದರೆ ಅದರ ಜೀವವೇ ಹೋಗುತ್ತದೆ. ಲಗ್ಗಿಯ ಓಟ ನೇರ ನಡೆಗೂ ತಿಶ್ರದ ನಡೆಗೂ ನಡುವೆ ಎಲ್ಲೋ ಇರುತ್ತದೆ. ತಿರುಗಾಮುರುಗಾ ಮಾಡಿ: ತಬಲಾದಿಂದ ಗ್ರೂವ್ (ಪೆಟ್ಟುಗಳು ತುಸು ಮುಂದೆ ಹಿಂದೆ ಆಡುವ ರೀತಿ) ತೆಗೆದು ಕೀಬೋರ್ಡಿನವರ ಢೋಲಕ್ಕಿಗೆ ಹಚ್ಚಿ. ಲೈವ್‌ನಲ್ಲಿ ಕ್ಲಿಪ್ ಮೇಲೆ ಬಲ ಕ್ಲಿಕ್ ಮಾಡಿ "ಎಕ್ಸ್‌ಟ್ರಾಕ್ಟ್ ಗ್ರೂವ್" ಎಂದರೆ ಮುಗಿಯಿತು, ಇಷ್ಟು ಸುಲಭ ಬೇರೆಲ್ಲೂ ಇಲ್ಲ. ಕ್ಯೂಬೇಸ್, ಲಾಜಿಕ್, ಪ್ರೊ ಟೂಲ್ಸ್‌ಗಳಲ್ಲೂ ಆಗುತ್ತದೆ, ರೀಪರ್‌ನಲ್ಲಿ ಎಸ್‌ಡಬ್ಲ್ಯೂಎಸ್ ಮೂಲಕ. ಪ್ರಮಾಣ ಶೇ. 60-70 ಇಟ್ಟು ಕೇಳಿ, ನೂರಕ್ಕೆ ನೂರು ಕೊಟ್ಟರೆ ತಬಲಜಿಯ ಸಣ್ಣ ತಪ್ಪುಗಳೂ ನಕಲಾಗುತ್ತವೆ.

ಬರೆದು ಏರಿಸುವ ಲಯ

ಇದರಲ್ಲಿ ಹೆಚ್ಚು ಭೇದವಿಲ್ಲ. ರೀಪರ್‌ನಲ್ಲಿ ಶಿಫ್ಟ್ ಮತ್ತು ಸಿ ಒತ್ತಿ ಮಾರ್ಕರ್ ಇಟ್ಟು, ಮುಂದಿನದಕ್ಕೆ ಹಂತಹಂತವಾಗಿ ಏರಲಿ ಎಂಬ ಚೌಕಕ್ಕೆ ಗುರುತು ಹಾಕಬೇಕು. ಕ್ಯೂಬೇಸ್‌ನಲ್ಲಿ ಜಂಪ್ ಅಥವಾ ರ‍್ಯಾಂಪ್. ಪ್ರೊ ಟೂಲ್ಸ್‌ನ ಟೆಂಪೊ ಆಪರೇಷನ್ಸ್‌ನಲ್ಲಿ ನೇರ ಗೆರೆ, ಪ್ಯಾರಬೋಲಿಕ್, ಎಸ್ ಆಕಾರ ಎಲ್ಲ ಸಿಗುತ್ತವೆ. ಡೊಳ್ಳು, ಕರಡಿ ಮಜಲಿನ ಏರು ನೇರ ಗೆರೆಯಲ್ಲಿ ಬಂದರೆ ಯಂತ್ರದಂತೆ ಕೇಳುತ್ತದೆ. 96ರಿಂದ 128ಕ್ಕೆ ಎಂಟು ಬಾರ್‌ನಲ್ಲಿ ಏರಬೇಕಿದ್ದರೆ, ಮೊದಲ ನಾಲ್ಕು ಬಾರ್‌ನಲ್ಲಿ 10, ಕೊನೆಯ ನಾಲ್ಕರಲ್ಲಿ 22 ಏರಿಸಿ ನೋಡಿ.

ಎಫ್ಎಲ್ ಸ್ಟುಡಿಯೊದಲ್ಲಿ ಟೆಂಪೊ ಅಂಕಿಯ ಮೇಲೆ ಬಲ ಕ್ಲಿಕ್ ಮಾಡಿ ಆಟೊಮೇಷನ್ ಕ್ಲಿಪ್ ಮಾಡಬಹುದು. ತೊಡಕೆಂದರೆ ಆ ಕ್ಲಿಪ್ಪಿನ ಎತ್ತರ 10ರಿಂದ 522ರವರೆಗಿನ ಇಡೀ ವ್ಯಾಪ್ತಿಯನ್ನು ಹಿಡಿಯುತ್ತದೆ, ಕೂದಲೆಳೆ ಜರುಗಿಸಿದರೆ ಟೆಂಪೊ ಹಾರುತ್ತದೆ. ಟೆಂಪೊವನ್ನು ಬೇಕಾದ ಅಂಕಿಗೆ ತಂದು, ಬಲ ಕ್ಲಿಕ್‌ನಲ್ಲಿ "ಕಾಪಿ ವ್ಯಾಲ್ಯೂ", ಆಮೇಲೆ ಕ್ಲಿಪ್ಪಿನ ಬಿಂದುವಿನ ಮೇಲೆ "ಪೇಸ್ಟ್ ವ್ಯಾಲ್ಯೂ" ಮಾಡಿದರೆ ಅಂಕಿ ಕರಾರುವಾಕ್ಕಾಗಿ ಕೂರುತ್ತದೆ.

ರಸಮಂಜರಿ ಕಾರ್ಯಕ್ರಮಕ್ಕೆ ಟ್ರ್ಯಾಕ್ ಓಡಿಸುವವರಿಗೆ ಲೈವ್ ಬಿಟ್ಟರೆ ಬೇರೆ ಮಾತಿಲ್ಲ. ಪ್ರತಿ ಹಾಡನ್ನು ಒಂದು ಸೀನ್ ಮಾಡಿ, ಸೀನಿಗೇ ಟೆಂಪೊ ಮತ್ತು ತಾಳದ ಅಂಕಿ ಬರೆದಿಡಬಹುದು. 11ರಿಂದ ಟೆಂಪೊ ಫಾಲೋವರ್ ಕೂಡ ಇದೆ, ರಿದಮ್ ಪ್ಯಾಡ್ ಅಥವಾ ಢೋಲಕ್ಕಿನ ಮೈಕ್ ಕೇಳಿ ತಾನೇ ಲಯ ಹಿಡಿಯುತ್ತದೆ. ಆ ಮೈಕಿಗೆ ಸ್ಪೀಕರಿನ ಶಬ್ದ ನುಗ್ಗಿದರೆ ತನ್ನನ್ನೇ ತಾನು ಬೆನ್ನಟ್ಟತೊಡಗುತ್ತದೆ, ಮೈಕ್ ಹತ್ತಿರ ಇಡಿ.

ಬೇರೆ ಸ್ಟುಡಿಯೊಕ್ಕೆ ಕಳಿಸುವಾಗ

ಹುಬ್ಬಳ್ಳಿಯಲ್ಲಿ ರೀಪರ್‌ನಲ್ಲಿ ಹಿಡಿದದ್ದು ಬೆಂಗಳೂರಲ್ಲಿ ಲಾಜಿಕ್‌ನಲ್ಲಿ ಮಿಕ್ಸ್ ಆಗುವುದು ಸಾಮಾನ್ಯ. ಟೆಂಪೊ ನಕ್ಷೆ ಮಿಡಿ ಫೈಲಿನಲ್ಲಿ ಹೋಗುತ್ತದೆ. ಆದರೆ ಮಿಡಿ ಫೈಲಿನಲ್ಲಿ ಏರುವ ಗೆರೆ ಎಂಬುದಿಲ್ಲ, "ಇಲ್ಲಿಂದ ಒಂದು ಬೀಟಿಗೆ ಇಷ್ಟು ಮೈಕ್ರೊಸೆಕೆಂಡ್" ಎಂಬ ಮೆಟ್ಟಿಲು ಮಾತ್ರ ಇದೆ; 120 ಬಿಪಿಎಂ ಎಂದರೆ 5,00,000. ನೀವು ಎಳೆದ ರ‍್ಯಾಂಪ್ ಅಲ್ಲಿ ಮೆಟ್ಟಿಲಾಗಿ ತೆರೆದುಕೊಂಡು, ಹಾಡಿನ ಕೊನೆಗೆ ಸ್ವಲ್ಪ ಜರುಗಿರಬಹುದು. ಅದಕ್ಕೇ ಎಲ್ಲ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದ 24 ಬಿಟ್ ವೇವ್ ಮಾಡಿ ಕಳಿಸಿ, ಜೊತೆಗೆ ಕ್ಲಿಕ್ಕನ್ನೂ ಒಂದು ವೇವ್ ಫೈಲಾಗಿ ಕಳಿಸಿ. ಅಲ್ಲಿಯವರು ತಮ್ಮ ಕ್ಲಿಕ್ಕನ್ನೂ ನಿಮ್ಮ ಕ್ಲಿಕ್ಕನ್ನೂ ಕೂಡಿ ಕೇಳಿದರೆ ತಪ್ಪು ಎಲ್ಲಿ ಶುರುವಾಯಿತು ಎಂಬುದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಯಾರಿಗೆ ಯಾವುದು

ವಿಂಡೋಸ್ ಕಂಪ್ಯೂಟರ್, ಕಡಿಮೆ ಬಂಡವಾಳ, ಭಜನೆ-ವಚನ-ಖ್ಯಾಲ್ ರೆಕಾರ್ಡಿಂಗ್: ರೀಪರ್. 60 ದಿನ ಪೂರ್ತಿ ಸೌಲಭ್ಯದೊಂದಿಗೆ ಪರೀಕ್ಷಿಸಬಹುದು, ವರ್ಷದ ವರಮಾನ 20,000 ಡಾಲರ್ ದಾಟದ ಸಣ್ಣ ಸ್ಟುಡಿಯೊಗಳಿಗೆ ಪರವಾನಗಿ 60 ಡಾಲರ್. ಕಲಿಯಲು ಮೊದಲ ವಾರ ಒರಟೆನಿಸುತ್ತದೆ, ಆದರೆ ಟೆಂಪೊ ವಿಷಯದಲ್ಲಿ ಇಷ್ಟು ಹಣಕ್ಕೆ ಇಷ್ಟು ಕೊಡುವುದು ಇನ್ನೊಂದಿಲ್ಲ. ಹಣ ಹಾಕಬಲ್ಲವರು, ಮಿಡಿ ವಾದ್ಯಗಳ ಜೋಡಣೆಯೇ ಹೆಚ್ಚು ಇರುವವರು ಕ್ಯೂಬೇಸ್ ಪ್ರೊ ನೋಡಲಿ. ಮ್ಯಾಕ್ ಈಗಾಗಲೇ ಮೇಜಿನ ಮೇಲಿದ್ದರೆ ಲಾಜಿಕ್. ಬರೀ ಲಾಜಿಕ್‌ಗಾಗಿ ಮ್ಯಾಕ್ ಕೊಳ್ಳುವ ಅಗತ್ಯ ಈ ಕೆಲಸಕ್ಕಂತೂ ಇಲ್ಲ. ವೇದಿಕೆಗೆ ಲೈವ್. ಬೀಟ್ ಕಟ್ಟಿ ಅದರ ಮೇಲೆ ಹಾಡಿಸುವ ಜಾನಪದ ಆಲ್ಬಮ್‌ನವರಿಗೆ, ಅಂದರೆ ಕ್ಲಿಕ್ಕೇ ಮೊದಲು ಬರುವ ಕಡೆ, ಎಫ್ಎಲ್ ಸ್ಟುಡಿಯೊ ಸಾಕು; ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳು ಉಚಿತ.

ಕೊಳ್ಳುವ ಮೊದಲು ಪ್ರಯೋಗದ ಆವೃತ್ತಿ ಇಳಿಸಿಕೊಂಡು, ಡೆಮೊ ಹಾಡಿನ ಮೇಲಲ್ಲ, ಕ್ಲಿಕ್ ಇಲ್ಲದೆ ಹಾಡಿದ ನಿಮ್ಮದೇ ಮೂರು ನಿಮಿಷದ ಪದದ ಮೇಲೆ ನಕ್ಷೆ ಕಟ್ಟಿ. ಮುಗಿದ ಮೇಲೆ ತಬಲಾ ಮತ್ತು ಕ್ಲಿಕ್ ಎರಡನ್ನೇ ಸೋಲೊ ಮಾಡಿ, ಕೊನೆಯ ನಾಲ್ಕು ಆವರ್ತನ ಕೇಳಿ. ಸಮ್ ಮೇಲೆ ಎರಡು ಶಬ್ದ ಒಂದಾಗಿ ಕೇಳಿದರೆ ನಕ್ಷೆ ಸರಿ. "ತ-ಟಕ್" ಎಂದು ಒಡೆದು ಕೇಳಿದರೆ 20-30 ಮಿಲಿಸೆಕೆಂಡಿನ ತಪ್ಪಿದೆ. ಹಿಂದಕ್ಕೆ ಹೋಗಿ ಒಡಕು ಮೊದಲು ಕೇಳಿದ ಆವರ್ತನದ ಮಾರ್ಕರ್ ಒಂದನ್ನೇ ತಿದ್ದಿ, ಅಲ್ಲಿಂದ ಮುಂದಿನವನ್ನು ಮತ್ತೆ ಕೇಳಿ.